ಸೋರದ ಎಸಿ

ರಾಯಚೂರಿನ ಬಿಸಿಲಿಗೆ ಸೋತು ನಿವೃತ್ತ ಇಂಜಿನಿಯರ್ ವಾಮನರಾಯರು ಕಿಟಕಿಗೆ ಎಸಿ ಹಾಕಿಸಿದರು. ನೀರು ಹೊರಗೆ ಹೋಗಲೆಂದು ಮೆಕ್ಯಾನಿಕ್ ಅದನ್ನು ಹಿಂದಕ್ಕೆ ತುಸು ಬಾಗಿಸಿದ್ದ. ತಮ್ಮ ಮನೆಯಲ್ಲಿ ಸೊಟ್ಟ ಕೆಲಸವೇ ಎಂದು ರಾಯರು ಅವನನ್ನು ಗದರಿಸಿ ಕಳಿಸಿ, ರಸಮಟ್ಟ ಇಟ್ಟು ನೋಡಿ ತಾವೇ ಸಮ ಮಾಡಿದರು. ಅಂದಿನಿಂದ ನೀರು ಕೋಣೆಯೊಳಗೇ ತೊಟ್ಟಿಕ್ಕತೊಡಗಿತು.

"ನಾ ಕೂಡಿಸಿದ್ದು ಸೋರೂದಿಲ್ಲ. ನೀನೇ ಅರಿವಿ ಹಿಂಡದ ನೆಲ ಒರಸ್ತಿ," ಎಂದು ಮನೆಗೆಲಸದ ಹುಲಿಗೆಮ್ಮನ ಮೇಲೆ ಹರಿಹಾಯ್ದರು. "ನಾಳೆ ಇಲ್ಲಿ ಹನಿ ನೀರು ಕಂಡ್ರ ಕೆಲಸಕ್ಕ ಬರಬ್ಯಾಡ."

ಮರುದಿನ ರಾಯರು ಎಸಿ ಹಚ್ಚಿ ಪೇಪರು ಹಿಡಿದು ಕೂತರು. ಹುಲಿಗೆಮ್ಮ ಎಸಿಯ ಕೆಳಗೊಂದು ಸ್ಟೂಲಿಟ್ಟು, ರಾಯರಿಗೆ ಸನ್ಮಾನದಲ್ಲಿ ತೊಡಿಸಿದ್ದ ಜರಿಪೇಟವನ್ನು ಅದರ ಮೇಲೆ ಇರಿಸಿದಳು.

"ಇದೇನು?"

"ಕಪಾಟಿನಾಗ ನುಸಿ ಹತ್ಯಾವ್ರೀ ಸಾಹೇಬ್ರ. ಇಲ್ಲೇ ಇರ್ಲಿ. ಇಲ್ಲಿ ಹನಿ ಬೀಳಂಗಿಲ್ಲಂತ ನೀವೇ ಹೇಳೀರಿ."

ಎಸಿಯ ಅಂಚಿನಲ್ಲಿ ಹನಿಯೊಂದು ದಪ್ಪಗಾಗತೊಡಗಿತು.

"ತಗಿ ಅದನ್ನ."

"ಯಾಕ್ರೀ?"

ಪೇಪರು ಬಿಸುಟು ರಾಯರೇ ಓಡಿ ಬಂದು ಅಂಗೈಯೊಡ್ಡಿದರು. ಒಂದು ಹನಿ ಬಿತ್ತು. ಅದರ ಹಿಂದೆ ಇನ್ನೊಂದು.

"ನಾ ಇನ್ನೂ ಅರಿವಿನೇ ತೋಯ್ಸಿಲ್ರೀ," ಎಂದಳು ಹುಲಿಗೆಮ್ಮ.

ಮಧ್ಯಾಹ್ನದೊಳಗೆ ಎಸಿಯ ಮುಂಭಾಗದಡಿ ಕಟ್ಟಿಗೆಯ ಚಕ್ಕೆಯೊಂದು ಸೇರಿಕೊಂಡಿತು. ನೀರು ಸದ್ದಿಲ್ಲದೆ ಹಿತ್ತಿಲಿಗೆ ಇಳಿಯಿತು.

"ಹಿಂದಕ್ಕ ಅರ್ಧ ಬೆರಳು ಬಾಗಿರಬೇಕು. ಲೆಕ್ಕ ಹಾಕಿ ಕಂಡುಹಿಡದೆ," ಎಂದರು ರಾಯರು.

"ಓದಿದವರ ತಲಿನೇ ಬ್ಯಾರೆ ಬಿಡ್ರೀ," ಎಂದು ಹುಲಿಗೆಮ್ಮ ಒಣನೆಲದ ಮೇಲೆ ಕಾಲು ಚಾಚಿ ಚಹಾ ಕುಡಿದಳು.