ಬಸ್ಸು ಹೊರಡಿಸುವ ಮಾತು

ಶಿಷ್ಯೆ ಕೇಳಿದಳು: “ಅಮ್ಮ, ಇಂಗ್ಲಿಷಿನವರ ಈ ರೈಟ್ ಎಂಥ ಪದ? ಬಲಗಡೆಯೂ ಅದೇ, ಸರಿಯೂ ಅದೇ, ಹಕ್ಕೂ ಅದೇ. ನೆಟ್ಟಗಿರುವುದಕ್ಕೂ ಅದನ್ನೇ ಅನ್ನುತ್ತಾರೆ. ಒಂದೇ ಮಾತಿಗೆ ಇಷ್ಟು ಅರ್ಥ ಇದ್ದರೆ ಕೇಳಿದವರು ಯಾವುದನ್ನು ಹಿಡಿಯಬೇಕು?”

ಅಮ್ಮನವರು ಬಹಳ ದೇಶ ತಿರುಗಿ ಬಂದವರು. ಹೋದಲ್ಲೆಲ್ಲ ಕಾಲ್ನಡಿಗೆ ಪುಣ್ಯ ಎಂದು ಬೋಧಿಸಿ, ತಾವು ಮಾತ್ರ ಬಸ್ಸು ಹತ್ತುತ್ತಿದ್ದರು. ಅವರು ಹೇಳಿದರು: “ಮುಖ್ಯವಾದ ಅರ್ಥವನ್ನೇ ಬಿಟ್ಟೆಯಲ್ಲ ಮಗಳೇ. ನಮ್ಮ ಕಡೆ ರೈಟ್ ಅಂದರೆ ಬಸ್ಸು ಹೊರಡಲಿ ಅಂತ. ಕೇಳು.”

ಒಂದು ಊರಿನಲ್ಲಿ ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್ ಇದ್ದರು. ಒಂದೇ ಬಸ್ಸು, ಒಂದೇ ದಾರಿ. ಮಧ್ಯಾಹ್ನದ ಊಟವೂ ಒಂದೇ. ಡ್ರೈವರನ ತಾಯಿ ತಟ್ಟಿದ ರೊಟ್ಟಿ, ಕಂಡಕ್ಟರನ ಹೆಂಡತಿ ಮಾಡಿದ ಪಲ್ಯ. ಆ ಮುದುಕಿ ಬುತ್ತಿ ಕಟ್ಟುವಾಗ ಇಬ್ಬರ ಹೊಟ್ಟೆಯನ್ನೂ ನೆನೆದೇ ಕಟ್ಟುತ್ತಿದ್ದಳು.

ಒಂದು ದಿನ ಡ್ರೈವರ್ ನಡುದಾರಿಯಲ್ಲಿ, ನಿಲ್ದಾಣವಲ್ಲದ ಕಡೆ, ಕೂಸು ಎತ್ತಿಕೊಂಡು ನಿಂತಿದ್ದ ಹೆಂಗಸಿಗಾಗಿ ಬಸ್ಸು ನಿಲ್ಲಿಸಿದ. ಹೊತ್ತು ಮೀರಿತ್ತು. ಕಂಡಕ್ಟರ್ ಹಿಂದಿನಿಂದ ಕೂಗಿದ: “ಎಲ್ಲಿ ಬೇಕಾದಲ್ಲಿ ನಿಲ್ಲಸಾಕ ಇದೇನ್ ನಿಮ್ಮಪ್ಪನ ಬಂಡಿ ಏನೋ?”

“ಚೀಟಿ ಹರ್ಯಾವ ಚೀಟಿ ಹರಕೊಂಡ್ ಇರಬೇಕು” ಅಂದ ಡ್ರೈವರ್.

ಬಸ್ಸಿನ ತುಂಬ ಜನ ನಕ್ಕರು. ಜಗಳ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಜನ ನಕ್ಕ ಮೇಲೆ ಜಗಳ ಮುಗಿಯುವುದಿಲ್ಲ. ಇನ್ನು ಮುಂದೆ ನಿನ್ನ ಸಂಗಡ ಮಾತಿಲ್ಲ ಎಂದು ಇಬ್ಬರೂ ಆಣೆ ಹಾಕಿಕೊಂಡರು. ಮಧ್ಯಾಹ್ನ ಒಬ್ಬ ಒಣ ರೊಟ್ಟಿ ತಿಂದ, ಇನ್ನೊಬ್ಬ ಬರೀ ಪಲ್ಯ ತಿಂದ.

ಆದರೆ ಕಂಡಕ್ಟರ್ ರೈಟ್ ಅನ್ನದೆ ಬಸ್ಸು ಹೊರಡುವಂತಿಲ್ಲ. ಅದು ಆ ಕೆಲಸದ ಧರ್ಮ. ನಿಲ್ಲಿಸಬೇಕೆಂದರೆ ಬಸ್ಸಿನ ಮೈ ಬಡಿದರೆ ಸಾಕು, ಹೊರಡಲಿಕ್ಕೆ ಬಾಯಿ ಬೇಕು. ಕಂಡಕ್ಟರ್ ಇದಕ್ಕೊಂದು ಉಪಾಯ ಮಾಡಿದ. ಮರುದಿನ ಪೇಟೆಯಿಂದ ಒಂದು ಸೀಟಿ ತಂದು ಊದಿದ. ಬಸ್ಸು ಅಲುಗಲಿಲ್ಲ. ಇನ್ನೂ ಜೋರಾಗಿ ಊದಿದ. ಡ್ರೈವರ್ ತನ್ನ ಪಕ್ಕದಲ್ಲಿ ಕೂತಿದ್ದ ಅಜ್ಜನಿಗೆ ಹೇಳಿದ: “ಸೀಟಿ ಹೊಡದ್ರ ಹೋಗಾಕ ನಾನೇನ್ ದನಾ ಏನ್ರಿ? ಬಾಯಿಲೆ ಹೇಳಂತ ಹೇಳ್ರಿ ಅವಗ.”

ಅಜ್ಜ ಹಿಂದಕ್ಕೆ ತಿರುಗಿ ಅದನ್ನೇ ಕೂಗಿದ. ಕಂಡಕ್ಟರ್ ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಉಗುಳಿದ ಹಾಗೆ, “ರೈಟ್” ಅಂದ. ಬಸ್ಸು ಹೊರಟಿತು.

ಹೀಗೆ ಅವರಿಬ್ಬರ ನಡುವೆ ಒಂದೇ ಒಂದು ಮಾತು ಉಳಿಯಿತು.

ಆ ದಾರಿಯ ಕೊನೆಯ ಊರಿನಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ. ಕೆರೆ ಏರಿಯ ಮೇಲೆ ಬಸ್ಸನ್ನು ಹಿಮ್ಮುಖವಾಗಿಯೇ ಬಿಡಬೇಕು. ಕಂಡಕ್ಟರ್ ಕೆಳಗಿಳಿದು ಹಿಂದೆ ನಿಂತು ರೈಟ್, ರೈಟ್ ಅನ್ನುತ್ತಾನೆ. ಡ್ರೈವರನಿಗೆ ಹಿಂದಿನ ಗಾಲಿ ಕಾಣುವುದಿಲ್ಲ. ಒಂದು ಗಾಲಿ ತಪ್ಪಿದರೆ ಎಲ್ಲರೂ ನೀರಿಗೆ. ಜಗಳವಾದ ಮೇಲೆ ಮೊದಲ ಸಲ ಅಲ್ಲಿಗೆ ಹೋದಾಗ ಡ್ರೈವರ್ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ಮಂದಿಯ ಮುಂದೆ ತಾನು ಹಂಗಿಸಿದವನ ಬಾಯಿಗೆ ಈಗ ಇಡೀ ಬಸ್ಸನ್ನು ಒಪ್ಪಿಸಬೇಕು. ಹಿಂದಿನಿಂದ ರೈಟ್ ಎಂದು ಕೇಳಿಸಿತು. ಅವನು ಕನ್ನಡಿ ನೋಡಲಿಲ್ಲ. ಕಾಲು ತೆಗೆದ.

ದಿನ ಹೋದ ಹಾಗೆ ಆ ಮಾತು ದೊಡ್ಡದಾಯಿತು. ಬಸುರಿ ಹತ್ತಿದ್ದರೆ ಎಳೆದು ಅನ್ನುವ ರೈಟ್, ಅಂದರೆ ಮೆಲ್ಲಗೆ ಹೋಗು. ಚಕ್ಕನೆ ಕತ್ತರಿಸಿದ ರೈಟ್, ಅಂದರೆ ಹಿಂದೆ ಇನ್ನೊಂದು ಬಸ್ಸು ಬರುತ್ತಿದೆ, ಗಿರಾಕಿ ಅವನಿಗೆ ಸಿಗಬಾರದು. ಡ್ರೈವರ್ ಕೆಮ್ಮಿದ ದಿನ ಒಂದು ಬೇರೆ ರೈಟ್ ಇತ್ತು. ಅದು ಬೈಗುಳವೋ ಔಷಧಿ ತಗೋ ಅನ್ನುವುದೋ ಪ್ರಯಾಣಿಕರಿಗೆ ತಿಳಿಯುತ್ತಿರಲಿಲ್ಲ. ಡ್ರೈವರನಿಗೆ ಎಲ್ಲವೂ ತಿಳಿಯುತ್ತಿತ್ತು. ಆದರೂ ಮೊದಲು ಬಾಯಿ ಬಿಟ್ಟವನು ಸೋತಂತೆ ಎಂದು ಇಬ್ಬರೂ ಬಿಗಿದುಕೊಂಡೇ ಇದ್ದರು. ನನ್ನ ತಿರುಗಾಟದಲ್ಲಿ ರಾಜ್ಯಗಳನ್ನು ಕಂಡಿದ್ದೇನೆ ಮಗಳೇ, ಅವು ಕೂಡ ಇಷ್ಟು ಬಿಗುಮಾನ ಮಾಡುವುದಿಲ್ಲ.

ಹೀಗಿರುವಾಗ ಡ್ರೈವರನ ತಾಯಿ ತೀರಿಕೊಂಡಳು.

ಕಂಡಕ್ಟರನಿಗೆ ಸುದ್ದಿ ಮುಟ್ಟಿತು. ಅಂಗಿ ಹಾಕಿಕೊಂಡು ಹೊರಟ. ಡ್ರೈವರನ ಓಣಿಯ ಮೂಲೆಯವರೆಗೆ ಹೋದ. ಮನೆಯ ಮುಂದೆ ಜನ ಕೂತಿದ್ದರು. ಆಕೆಯ ಕೈಯ ಅನ್ನ ಇಷ್ಟು ವರ್ಷ ಉಂಡವನು, ಅವಳ ಮಗನೊಡನೆ ಮಾತು ಬಿಟ್ಟವನು, ಈಗ ಯಾವ ಮುಖ ಹೊತ್ತು ಆ ಕಟ್ಟೆ ಹತ್ತಲಿ ಅನ್ನಿಸಿತು. ತಿರುಗಿ ಬಂದ.

ಬಸ್ಸಿಗೆ ಬದಲಿ ಡ್ರೈವರ್ ಬಂದ. ಅವನು ರೈಟ್ ಗೀಟ್ ಏನೂ ಕಾಯುತ್ತಿರಲಿಲ್ಲ, ಜನ ಹತ್ತಿದರೆ ಹೊರಟೇಬಿಡುತ್ತಿದ್ದ. ಕಂಡಕ್ಟರ್ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಸಾವಿನ ಮನೆಗೆ ಹೋಗದ್ದು ಅವನನ್ನು ಒಳಗೇ ತಿನ್ನುತ್ತಿತ್ತು. ಇನ್ನು ಈ ಸ್ನೇಹ ಮುಗಿದ ಹಾಗೆ ಎಂದು ತನಗೆ ತಾನೇ ಹೇಳಿಕೊಂಡ.

ಕರ್ಮ ಎಲ್ಲ ಮುಗಿದ ಮೇಲೆ ಡ್ರೈವರ್ ಕೆಲಸಕ್ಕೆ ಬಂದ. ತಲೆ ಬೋಳಾಗಿತ್ತು. ಯಾರ ಮುಖವನ್ನೂ ನೋಡದೆ ತನ್ನ ಸೀಟು ಹತ್ತಿ ಬಸ್ಸು ಚಾಲೂ ಮಾಡಿದ. ಜನ ಹತ್ತಿ ಕೂತರು. ಹೊತ್ತಾಯಿತು. ಕಂಡಕ್ಟರ್ ಬಾಗಿಲ ಕಂಬಿ ಹಿಡಿದು ನಿಂತ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಇದ್ದದ್ದು ಒಂದೇ ಮಾತು. ಅದೂ ಹೊರಡಲಿಲ್ಲ.

“ಕಂಡಕ್ಟರ ಸಾಹೇಬ್ರ, ಬಸ್ ಬಿಡ್ತೀರೋ ಇಲ್ಲಾ ಇಲ್ಲೇ ಸಂಸಾರ ಹೂಡೂನೋ?” ಅಂದ ಒಬ್ಬ.

ಡ್ರೈವರ್ ತಿರುಗಿ ನೋಡಲಿಲ್ಲ, ಹಾರ್ನ್ ಕೂಡ ಹೊಡೆಯಲಿಲ್ಲ. ಗೇರಿನ ಮೇಲೆ ಕೈಯಿಟ್ಟು ಕಾದ.

ಕೊನೆಗೆ ಕಂಡಕ್ಟರ್, “ರೈಟ್” ಅಂದ. ಎಂಜಿನ್ನಿನ ಸದ್ದಿನಲ್ಲಿ ಎದುರಿನ ಸೀಟಿನವರಿಗೂ ಅದು ಕೇಳಿಸಲಿಲ್ಲ.

ಡ್ರೈವರನಿಗೆ ಕೇಳಿಸಿತು. ಅವನು ಗೇರಿನ ಮೇಲಿನ ಕೈ ತೆಗೆದ. ಎಂಜಿನ್ ಆರಿಸಿದ. ಕೆಳಗಿಳಿದು, ಬಸ್ಸನ್ನು ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬಂದು ನಿಂತ.

ಕಂಡಕ್ಟರ್ ಮೆಟ್ಟಿಲ ಮೇಲೆಯೇ ಇದ್ದ. “ಓಣಿ ಮೂಲೀತನ ಬಂದಿದ್ನೋ” ಅಂದ.

“ನೋಡೇನಿ” ಅಂದ ಡ್ರೈವರ್. “ಮುಂದ ಬರತಿ ಅಂತ ಭಾಳ ಹೊತ್ತು ದಾರಿ ಕಾದ್ನಿ.”

ಇಬ್ಬರೂ ಅತ್ತರು. ಜನ ಕಿಟಕಿಯಿಂದ ಬಗ್ಗಿ ನೋಡಿದರು. ಆ ದಿನ ಬಸ್ಸು ತಡವಾಗಿ ಹೊರಟಿತು, ಯಾರೂ ಬೈಯಲಿಲ್ಲ.

ಅಮ್ಮನವರು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: “ಹಾಗಾದರೆ ಆ ದಿನ ಅವನು ಆಡಿದ ಮಾತಿಗೆ ಏನರ್ಥ, ಅಮ್ಮ?”

ಅಮ್ಮನವರು ಹೇಳಿದರು: “ಅರ್ಥ ಮಾತಿನಲ್ಲೇ ಇದ್ದಿದ್ದರೆ ಬಸ್ಸು ಹೊರಟುಹೋಗುತ್ತಿತ್ತು, ಮಗಳೇ.”