ಜಾಲಿ ಮುಳ್ಳು ಚುಚ್ಚಿದ ಕಾಗದ

ಹೊಳೆದಂಡೆಯ ಆ ಆಶ್ರಮದಲ್ಲಿ ಊಟವಾದ ಮೇಲೆ ಒಂದು ಪರೀಕ್ಷೆ ಇರುತ್ತಿತ್ತು. ಗುರುಗಳು ಕಾಗದ ಮಡಿಸಿ, ಜಾಲಿ ಮುಳ್ಳಿನಿಂದ ಒಮ್ಮೆ ಚುಚ್ಚುವರು. ಶಿಷ್ಯರು ಬಿಚ್ಚದೆಯೇ ಹೇಳಬೇಕು: ತೂತು ಎಷ್ಟು, ಎಲ್ಲೆಲ್ಲಿ?

ಸಂಗಯ್ಯ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದ. ಒಮ್ಮೆಯೂ ತಪ್ಪಿದವನಲ್ಲ. ಜಾಣತನಕ್ಕೇನು ಕಡಿಮೆ! ಬಾಯಿಗೆ ಮಾತ್ರ ಬೀಗವಿರಲಿಲ್ಲ.

ಬೊಮ್ಮಣ್ಣನಿಗೆ ಅದು ತಲೆಗೆ ಹತ್ತುತ್ತಲೇ ಇರಲಿಲ್ಲ. ಪಾಪ, ಪ್ರತಿ ಸಲವೂ "ಒಂದು" ಅನ್ನುತ್ತಿದ್ದ.

ಮೊನ್ನೆಯೂ ಹಾಗೇ ಅಂದ. ಸಂಗಯ್ಯ ಎಲ್ಲರೆದುರು ನಕ್ಕ.

"ನಿನ್ನಂಥವನು ಇದ್ದರೆಷ್ಟು, ಸತ್ತರೆಷ್ಟು? ಹೋಗಿ ಹೊಳೆಗೆ ಹಾರ್ಕೋ."

ಮರುದಿನ ಬೆಳಗ್ಗೆ ಬೊಮ್ಮಣ್ಣನ ಹೆಣ ಮಡುವಿನಲ್ಲಿ ಸಿಕ್ಕಿತು. ಹೊದೆಯುವ ವಸ್ತ್ರವನ್ನು ಅವನು ದಡದಲ್ಲಿ ಮಡಿಸಿಟ್ಟು, ಮೇಲೊಂದು ಕಲ್ಲು ಹೇರಿದ್ದ.

ಇವತ್ತು ಅವನ ತಾಯಿ ಬಂದಿದ್ದಾಳೆ. ಜಗಲಿಯಲ್ಲಿ ಕೂತು, ಹೋಗಿ ಬರುವವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಾಳೆ: "ನನ್ನ ಮಗನಿಗೆ ಏನಾಯ್ತಪ್ಪಾ?"

ಒಳಗೆ ಸಂಗಯ್ಯ ಗುರುಗಳ ಕಾಲಿಗೆ ಬಿದ್ದ.

"ಕಾಲು ಜಾರಿ ಬಿದ್ದ ಅಂತ ಹೇಳಿಬಿಡಿ ಗುರುಗಳೇ. ನೀವು ಹೇಳಿದರೆ ನಂಬುತ್ತಾಳೆ."

"ಮತ್ತೆ ನೀನು ಅಂದದ್ದು?"

"ತಮಾಷೆಗೆ ಅಂದೆ. ಒಂದೇ ಒಂದು ಮಾತು. ಅದೂ ಅವನೊಬ್ಬನಿಗೆ."

ಗುರುಗಳು ಕಾಗದ ತೆಗೆದರು. ಅಡ್ಡಕ್ಕೆ ಮಡಿಸಿದರು, ಉದ್ದಕ್ಕೆ ಮಡಿಸಿದರು. ಮಡಿಕೆಗಳು ಕೂಡುವ ಮೂಲೆಯ ಹತ್ತಿರ ಮುಳ್ಳು ಇಳಿಸಿದರು.

"ಎಷ್ಟು?"

ಸಂಗಯ್ಯನ ಉತ್ತರ ತಡವಾಗಲಿಲ್ಲ.

"ನಾಲ್ಕು. ನಟ್ಟನಡುವಿನ ಸುತ್ತ."

"ನಾನು ಚುಚ್ಚಿದ್ದು ಒಂದೇ ಅಲ್ಲವೇನೋ?"

"ಕೆಳಗೆ ಪದರಗಳಿವೆಯಲ್ಲ ಗುರುಗಳೇ..."

ಅಂದವನ ಕಣ್ಣು ಬಾಗಿಲತ್ತ ಹೊರಳಿತು. ಹೊರಗೆ ತಾಯಿ ಎದೆ ಬಡಿದುಕೊಳ್ಳುವುದು ಕೇಳುತ್ತಿತ್ತು. ಜೊತೆಗೆ ಬಂದಿದ್ದ ಬೊಮ್ಮಣ್ಣನ ತಂಗಿ "ಅಮ್ಮಾ, ಸುಮ್ಮನಿರಮ್ಮಾ" ಎಂದು ತಾನೂ ಅಳುತ್ತಿದ್ದಳು.

"ಬೊಮ್ಮಣ್ಣ ಒಂದು ಅಂದರೆ ನೀನು ನಗುತ್ತಿದ್ದೆ," ಅಂದರು ಗುರುಗಳು. "ಈಗ ನಿನ್ನ ಮಾತಿಗೆ ನೀನೂ ಒಂದು ಅಂತೀಯ."

ಸಂಗಯ್ಯ ಹಿಂದೆ ಸರಿದ. "ಆಕೆಗೆ ನಿಜ ಹೇಳುವುದು ನನ್ನ ಕೈಲಾಗದು. ಆಕೆಯ ಮುಖ ಹೇಗೆ ನೋಡಲಿ?"

ಗುರುಗಳ ಕಣ್ಣೂ ತುಂಬಿತ್ತು. ಮಡಿಸಿದ ಕಾಗದವನ್ನು ಅವನ ಅಂಗೈಗಿಟ್ಟು, ಜಗಲಿಯ ಬಾಗಿಲು ತೆರೆದರು.

"ಹೋಗು. ಆಕೆಯ ಮುಂದೆ ಇದನ್ನು ಬಿಚ್ಚು. ಚುಚ್ಚಿದ್ದು ಒಂದೇ ಸಲ ಅಂತ ನೀನೇ ಹೇಳು."