ಕಂಬ ಉಜ್ಜಿದ ವರ್ತಕ

"ಗುರುಗಳೇ, ನಾನು ಮನೆ ಬಿಡಬೇಕೇ?" ಎಂದು ಶಿಷ್ಯ ತೋಟಪ್ಪ ಕೇಳಿದ. "ವ್ರತ ಹಿಡಿದು ಎರಡು ವರ್ಷವಾಯಿತು. ನನ್ನ ಕೋಪ ಇಳಿದಿದೆ, ಆಸೆ ಇಳಿದಿದೆ. ನಾನು ಶುದ್ಧನಾಗುತ್ತಿರುವುದು ನನಗೇ ತಿಳಿಯುತ್ತಿದೆ. ಆದರೆ ಹೆಂಡತಿ ಮಕ್ಕಳ ಮುಖ ದಿನೇ ದಿನೇ ಬಾಡುತ್ತಿದೆ. ಅವರ ನಡುವೆ ಇದ್ದರೆ ನನ್ನ ಸಾಧನೆ ಮುಂದಕ್ಕೆ ಹೋಗುವುದಿಲ್ಲ."

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ನಡುಮನೆಯಲ್ಲಿ ನಾಲ್ಕು ಮರದ ಕಂಬಗಳಿದ್ದವು. ತಾತನ ಕಾಲದ ಎಣ್ಣೆ, ಬಣ್ಣ, ದೀಪದ ಮಸಿ ಎಲ್ಲ ಸೇರಿ ಅವು ಕಪ್ಪಾಗಿದ್ದವು. ಮಗುವಿಗೆ ಹೆಸರಿಡುವ ದಿನ ನೆಂಟರು ಬರುವವರಿದ್ದರು. ಅಷ್ಟರೊಳಗೆ ಕಂಬಗಳು ಹೊಳೆಯಬೇಕು ಎಂದು ವರ್ತಕ ನಿಶ್ಚಯಿಸಿದ. ಬಾಗಿಲಾದರೆ ಕಳಚಿ ಅಂಗಳಕ್ಕೆ ಒಯ್ಯಬಹುದು. ಕಂಬವನ್ನು ಎಲ್ಲಿಗೆ ಒಯ್ಯುವುದು? ಉಪ್ಪುಕಾಗದ ಹಿಡಿದು ಒಳಗೇ ಉಜ್ಜಲು ಕುಳಿತ.

ಅವನು ಎಚ್ಚರಿಕೆಯ ಮನುಷ್ಯ. ಬೀದಿಯ ಧೂಳು ಬಂದು ಉಜ್ಜಿದ ಮೇಲೆ ಹಚ್ಚುವ ಹೊಸ ಎಣ್ಣೆಗೆ ಅಂಟೀತು ಎಂದು ಬೀದಿಯ ಕಡೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿದ. ತನ್ನ ಮೂಗಿಗೆ ಬಟ್ಟೆ ಕಟ್ಟಿಕೊಂಡ. ಒಳಕೋಣೆಯ ಬಾಗಿಲು ಮಾತ್ರ ತೆರೆದೇ ಇತ್ತು. ಬಾಯಾರಿದರೆ ಹೆಂಡತಿ ನೀರು ತಂದುಕೊಡಬೇಕಲ್ಲ. ಆ ಕೋಣೆಯಲ್ಲಿ ತೊಟ್ಟಿಲಿತ್ತು.

"ಅನ್ನದ ಮೇಲೆ ಹುಡಿ, ಹಾಲಿನ ಮೇಲೆ ಹುಡಿ. ಬೀದಿಯ ಧೂಳಿಗೆ ಬಾಗಿಲು ಹಾಕಿದಿರಿ, ನಿಮ್ಮ ಧೂಳನ್ನು ನಮಗೆ ಬಡಿಸಿದಿರಿ" ಎಂದಳು ಹೆಂಡತಿ.

"ನಾಲ್ಕು ದಿನ ಸಹಿಸಿಕೋ. ಹೊಳಪು ಬಂದ ಮೇಲೆ ನೀನೇ ಹೊಗಳುತ್ತೀಯ" ಎಂದ ವರ್ತಕ.

ಅವಳು ಗಳಿಗೆಗೊಮ್ಮೆ ನೆಲ ಒರೆಸಿದಳು. ನೆಲ ಚೊಕ್ಕಟವಾಗಿರುವುದನ್ನು ಕಂಡು, ಹುಡಿ ಅಷ್ಟೇನೂ ಇಲ್ಲ ಎಂದುಕೊಂಡ ವರ್ತಕ. ಮೂರನೆಯ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಉಸಿರೆಳೆದಾಗಲೆಲ್ಲ ಅದರ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ವೈದ್ಯ ಬಂದು ನೋಡಿದ. ಮದ್ದು ಕೊಡುವ ಮೊದಲು ತಾಯಿಯನ್ನೂ ಮಗುವನ್ನೂ ನೆರೆಮನೆಗೆ ಕಳಿಸಿದ.

ವರ್ತಕ ಹೆದರಿ ಬಡಗಿಯನ್ನು ಕರೆತಂದ. ಬಡಗಿ ಕಂಬದ ಕಡೆ ನೋಡಲೇ ಇಲ್ಲ. ಒಳಗೆ ಹೋಗಿ ತೊಟ್ಟಿಲ ಹಗ್ಗವನ್ನು ಬೆರಳಿನಿಂದ ಸವರಿದ. ಬೆರಳು ಕಪ್ಪಾಯಿತು.

"ಕಂಬದಿಂದ ತೆಗೆದದ್ದು ಎಲ್ಲಿಗೆ ಹೋಯಿತು ಅಂದುಕೊಂಡಿರಿ ಧಣಿ?" ಎಂದು ಕೇಳಿದ.

ಬಡಗಿ ಒಳಕೋಣೆಯ ಬಾಗಿಲು ಮುಚ್ಚಿ ಅದರ ಮೇಲೆ ಒದ್ದೆ ಕಂಬಳಿ ಇಳಿಬಿಟ್ಟ. ಬೀದಿಯ ಕಿಟಕಿ ತೆರೆದ. ಮರವನ್ನು ತೇವ ಮಾಡಿ ಉಜ್ಜಿ ತೋರಿಸಿದ. ಹುಡಿ ಹಾರಲಿಲ್ಲ. ಕೆಸರಾಗಿ ಅವನ ಕೈಗೇ ಮೆತ್ತಿತು. ಪೊರಕೆ ಹಿಡಿದರೆ ಹುಡಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸುವವರು ನೀವೇ ಆಗಿರಿ, ಮೈ ತೊಳೆಯದೆ ಮಗುವನ್ನು ಎತ್ತಬೇಡಿ ಎಂದ.

"ಹೀಗೆ ಉಜ್ಜಿದರೆ ನೆಂಟರು ಬರುವ ಹೊತ್ತಿಗೆ ನಾಲ್ಕೂ ಕಂಬ ಆಗುವುದಿಲ್ಲ" ಎಂದ ವರ್ತಕ.

"ಆಗುವುದಿಲ್ಲ. ಕಂಬಕ್ಕೇನು ಅವಸರ? ಅದು ಉಸಿರಾಡುವುದಿಲ್ಲ" ಎಂದ ಬಡಗಿ.

ವರ್ತಕ ಹಾಗೆಯೇ ಮಾಡಿದ. ಬಾಯಾರಿದಾಗ ತಾನೇ ಹಿತ್ತಲಿಗೆ ಹೋಗಿ ನೀರು ಕುಡಿದು ಬಂದ. ಮಗುವಿನ ಉಸಿರು ಸರಿಹೋಗಲು ಹದಿನೈದು ದಿನ ಹಿಡಿಯಿತು. ಹೆಸರಿಡುವ ದಿನ ಎರಡು ಕಂಬ ಹೊಳೆಯುತ್ತಿದ್ದವು, ಎರಡು ಕಪ್ಪಗಿದ್ದವು. ನೆಂಟರು ನಕ್ಕರು. ವರ್ತಕನಿಗೆ ಅದು ಕೇಳಿಸಲಿಲ್ಲ. ಅವನು ಮಗುವಿನ ಎದೆಯ ಮೇಲೆ ಕಿವಿಯಿಟ್ಟು ಕುಳಿತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಆ ವರ್ತಕ ಮನೆಯವರಿಗೆ ತೊಂದರೆ ಕೊಟ್ಟ, ನಿಜ. ನಾನು ಯಾರಿಗೂ ಏನೂ ಮಾಡಿದವನಲ್ಲ ಗುರುಗಳೇ. ನನ್ನ ವ್ರತ ನನ್ನ ಪಾಡಿಗೆ ನಡೆಯುತ್ತದೆ" ಎಂದ ತೋಟಪ್ಪ.

"ನಿನ್ನ ವ್ರತದ ಅಡುಗೆಗೆ ಒಲೆ ಹಚ್ಚಲು ನಿನ್ನ ಹೆಂಡತಿ ಎಷ್ಟು ಹೊತ್ತಿಗೆ ಏಳುತ್ತಾಳೆ?" ಎಂದು ಗುರುಗಳು ಕೇಳಿದರು.

ತೋಟಪ್ಪನಿಗೆ ಅದು ಗೊತ್ತಿರಲಿಲ್ಲ.